ಪದ ಎತ್ತುವವರಿಲ್ಲದ ಹಾರ್ಮೋನಿಯಂ

ಅರವತ್ತು ದಾಟಿದ ಮೇಲೆ ಪರೀಕ್ಷೆ ಅಂದರೆ ರಕ್ತದ್ದು, ಮೂತ್ರದ್ದು, ಇವೆರಡೇ ಎಂದು ನಂಬಿಕೊಂಡಿದ್ದವನು ನಾನು. ಅವಕ್ಕೆ ಓದಿಕೊಂಡು ಹೋಗಬೇಕಾಗಿಲ್ಲ, ಖಾಲಿ ಹೊಟ್ಟೆಯಲ್ಲಿ ಹೋದರೆ ಸಾಕು. ಅಂಥವನು ಅರವತ್ತೆರಡನೆಯ ವಯಸ್ಸಿನಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆ ಬಸ್ಸು ಹತ್ತಿ, ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು, ಆರ್ಕೆಸ್ಟ್ರಾದವರ ಪರೀಕ್ಷೆಗೆ ಹೋದೆ. ಹೋಗಿ ಏನಾಯಿತು ಎಂದು ಕೇಳಿದರೆ, ನನಗೂ ಇನ್ನೂ ಸರಿಯಾಗಿ ಗೊತ್ತಿಲ್ಲ.

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನಲ್ಲಿ, ಮದುವೆಯ ಆರತಕ್ಷತೆಯಲ್ಲಿ ಸಿನಿಮಾ ಹಾಡು ಹಾಡುವ ತಂಡ. ನಾನು ಆ ಪೈಕಿಯವನಲ್ಲ. ನಮ್ಮ ಬೀದಿಯ ಭಜನೆಯಲ್ಲಿ ಮೂವತ್ತು ವರ್ಷ ಪ್ರತಿ ಶನಿವಾರ ಹಾರ್ಮೋನಿಯಂ ಒತ್ತಿದವನು. ಪದ ಎತ್ತುತ್ತಿದ್ದವರು ಪುಟ್ಟಮಾದಪ್ಪನವರು. ಭಕ್ತಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಶ್ರುತಿಯ ವಿಷಯಕ್ಕೆ ಬಂದರೆ ಮಾತ್ರ ಚರಣಕ್ಕೊಂದು ಮನೆ, ಎಂದರೆ ಹಾರ್ಮೋನಿಯಂನ ಒಂದು ಕೀ, ಮೇಲೇರಿಬಿಡುತ್ತಿದ್ದರು. ಹಿರಿಯರಿಗೆ ತಪ್ಪಿದಿರಿ ಎನ್ನುವುದುಂಟೆ? ಅವರು ಏರಿದರೆ ನಾನೂ ಏರುವುದು, ಇಳಿದರೆ ಇಳಿಯುವುದು, ಅವರ ತಪ್ಪು ಕೂತವರ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುವುದು. ಭಜನೆಯ ಹಾರ್ಮೋನಿಯಂನವನ ಧರ್ಮವೇ ಇದು. ನೌಕರಿಗಿದ್ದ ಕಚೇರಿಯಲ್ಲೂ ಇದೇ ಧರ್ಮ ಪಾಲಿಸಿದೆ ಅನ್ನಿ. ಒಬ್ಬ ಸಾಹೇಬರಿಗೆ ಕಿಟಕಿ ತೆರೆದಿರಬೇಕು, ಆಮೇಲೆ ಬಂದವರಿಗೆ ಮುಚ್ಚಿರಬೇಕು. ಇಬ್ಬರ ಕಾಲದಲ್ಲೂ ನನಗೆ ಅದೇ ಹಿತವೆನಿಸುತ್ತಿತ್ತು. ಹೋದ ವರ್ಷ ಪುಟ್ಟಮಾದಪ್ಪನವರು ತೀರಿಕೊಂಡರು, ಭಜನೆ ನಿಂತಿತು. ಶನಿವಾರ ಸಂಜೆಯಾದರೆ ಈ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನನಗೆ ಅಳುವೇ ಬರುತ್ತಿತ್ತು. ಅದನ್ನು ನೋಡಲಾರದೆ ನನ್ನ ಹೆಂಡತಿ ಸರೋಜಳೇ ಸುದ್ದಿ ತಂದಳು: ಗುಂಡ್ಲುಪೇಟೆಯಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟುಕೊಂಡು ಆರ್ಕೆಸ್ಟ್ರಾ ನಡೆಸುವ ನಜೀರ್ ಅವರಿಗೆ ಹಾರ್ಮೋನಿಯಂನವರು ಬೇಕಂತೆ.

ನಜೀರ್ ಭಾಯ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಪೀಕರ್ ಡಬ್ಬಗಳ ನಡುವೆ ಜಮಖಾನ ಹಾಸಿ ಕೂರಿಸಿದರು. ಚಹಾ ಕೊಟ್ಟು ವಿವರಿಸಿದರು. ಈಗ ತಬಲ, ಗಿಟಾರು ಎಲ್ಲವೂ ಪೆನ್‌ಡ್ರೈವಿನಿಂದಲೇ ಬರುತ್ತವಂತೆ, ಅದಕ್ಕೆ ಟ್ರ್ಯಾಕ್ ಎನ್ನುತ್ತಾರಂತೆ. ಜೊತೆಗೆ ಒಂದು ಹಾರ್ಮೋನಿಯಂ ಇದ್ದರೆ ಹಾಡಿಗೆ ಜೀವ ಬರುತ್ತದೆಂದು ಅವರ ಆಸೆ. ಹಾಡುವವನು ಭೀಮನಬೀಡಿನ ಮಾದೇವು. ಅರಿಶಿನದ ಹೊಲದಿಂದ ನೇರ ಬಂದಿದ್ದ, ಬೆರಳೆಲ್ಲ ಹಳದಿ.

ಹಾಡು ಶುರುವಾಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ಮಾದೇವು ಒಂದು ಮನೆ ಮೇಲೇರಿದ. ಟ್ರ್ಯಾಕು ಇದ್ದಲ್ಲೇ ಇತ್ತು. ನಾನು ಯಾರ ಕಡೆ ಎಂದು ಯೋಚಿಸುವ ಮೊದಲೇ ನನ್ನ ಬೆರಳು ಮಾದೇವನ ಹಿಂದೆ ಹೋಗಿಯಾಗಿತ್ತು. ನಜೀರ್ ಭಾಯ್ ಎಲ್ಲವನ್ನೂ ನಿಲ್ಲಿಸಿ, ಹಾಡುವವನು ಎಲ್ಲಿಗಾದರೂ ಹೋಗಲಿ, ನೀವು ಟ್ರ್ಯಾಕ್ ಬಿಡಬೇಡಿ ಎಂದರು. ಹಾಡುವ ಮನುಷ್ಯನನ್ನು ನಡುನೀರಿನಲ್ಲಿ ಕೈಬಿಟ್ಟು ಪೆನ್‌ಡ್ರೈವಿನ ಪಕ್ಷ ಸೇರುವುದು ಹೇಗೆ? ಎರಡನೆಯ ಸಲ ಮಾದೇವು ಹೆದರಿಕೊಂಡು ಟ್ರ್ಯಾಕನ್ನೇ ಬಿಗಿಯಾಗಿ ಹಿಡಿದ. ಅವನು ಇನ್ನೇನು ಏರುತ್ತಾನೆ ಎಂದು ನಾನೇ ಮುಂದಾಗಿ ಏರಿಬಿಟ್ಟೆ.

“ಇವ್ರು ನಂಗಿಂತ ಮುಂಚೆನೇ ತಪ್ತಾವ್ರೆ ಕಣ ನಜೀರಣ್ಣ,” ಎಂದ ಮಾದೇವು.

ನಜೀರ್ ಭಾಯ್ ನಕ್ಕಿದ್ದರೆ ಚೆನ್ನಾಗಿತ್ತು, ನಗಲಿಲ್ಲ. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು, ಟ್ರ್ಯಾಕೂ ಬೇಡ, ಮಾದೇವೂ ಬೇಡ ಎಂದರು. “ನಿಮಗೆ ಇಷ್ಟವಾದ ಒಂದು ಹಾಡು, ನೀವೊಬ್ಬರೇ ನುಡಿಸಿ ಸಾರ್. ಅಷ್ಟೇ ಸಾಕು.”

ಇದಕ್ಕಿಂತ ಸುಲಭದ ಪ್ರಶ್ನೆ ಉಂಟೆ? ತಿದಿ ಒತ್ತಿದೆ. ಗಾಳಿ ತುಂಬಿತು. ಬೆರಳು ಮನೆಗಳ ಮೇಲೆ ಕೂತವು, ಕೂತೇ ಇದ್ದವು. ನನಗೆ ಇಷ್ಟವಾದ ಹಾಡು ಯಾವುದು? ಪುಟ್ಟಮಾದಪ್ಪನವರಿಗೆ ಇಷ್ಟವಾದ ಪದಗಳೆಲ್ಲ ಗೊತ್ತು. ಸಾಹೇಬರುಗಳಿಗೆ ಏನಿಷ್ಟ ಎಂದು ಗೊತ್ತು. ಸರೋಜಳಿಗೆ ಏನೇನು ಇಷ್ಟವಿಲ್ಲ ಎಂಬುದಂತೂ ಬಾಯಿಪಾಠ. ಯಾರಾದರೂ ಎತ್ತಲಿ ಎಂದು ಕಾಯುತ್ತ ಕೂತೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ನಾನಾಗಿ ಒಂದು ಪದ ಶುರುಮಾಡಿದವನಲ್ಲ ಎಂಬುದು ಆ ಜಮಖಾನದ ಮೇಲೆ ಹೊಳೆದು ನಾಚಿಕೆಯಾಯಿತು, ದುಃಖವೂ ಆಯಿತು.

“ಓಗ್ಲಿ ಬುಡಿ ಸಾ, ನಾನೇ ಒಂದ ಎತ್ಕೊಡ್ತೀನಿ,” ಎಂದು ಮಾದೇವು ಕನಿಕರಪಟ್ಟ. ನಜೀರ್ ಭಾಯ್ ಅವನಿಗೆ ಕೈ ಅಡ್ಡ ಹಿಡಿದರು. ಆಮೇಲೆ ನನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ತಾವೇ ಬಸ್ ನಿಲ್ದಾಣದವರೆಗೆ ಹೊತ್ತು ತಂದು, ಜಾಗ ಖಾಲಿ ಇಟ್ಟಿರುತ್ತೇನೆ, ನಿಮ್ಮದೇ ಆದ ಒಂದು ಹಾಡು ಹುಡುಕಿಕೊಂಡು ಬನ್ನಿ ಎಂದರು. ಇದು ಪಾಸೋ ಫೇಲೋ? ಬೀದಿಯವರು ವಿಚಾರಿಸಿದಾಗ ಅವರವರ ಮುಖ ನೋಡಿ, ಅವರಿಗೆ ಬೇಕಾದ ಉತ್ತರ ಕೊಡುತ್ತಿದ್ದೇನೆ.

ಅಂದಿನಿಂದ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಒಬ್ಬನೇ ಕೂರುತ್ತೇನೆ. ಎರಡು ತಿಂಗಳು ಬರೀ ಗಾಳಿ ಹೊರಟಿತು. ಮೊನ್ನೆ ಮಾತ್ರ, ಕಣ್ಣು ಮುಚ್ಚಿ ಕೂತಿದ್ದಾಗ, ಬೆರಳು ತಾವಾಗಿಯೇ ಹೊರಟವು. ಯಾರೂ ಎತ್ತಿಕೊಟ್ಟಿರಲಿಲ್ಲ. ಎಂದೂ ಕೇಳದ ಧಾಟಿ. ಶ್ರುತಿ ಅಂದರೆ ಶ್ರುತಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸಂತೋಷ ತಡೆಯಲಾರದೆ ನುಡಿಸುತ್ತಲೇ ಕೂಗಿದೆ, “ಸರೋಜಾ, ಬಂತು ಕಣೇ, ನಂದೇ ಹಾಡು ಬಂತು.”

“ಏನಂದ್ರಿ?” ಎನ್ನುತ್ತ ಅವಳು ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಿಸಿದಳು.

ಅದರ ಗುಂಯ್ ಎನ್ನುವ ಶ್ರುತಿ ನಿಂತದ್ದೇ ನನ್ನ ಕೈಯೂ ನಿಂತಿತು.