ಉಮ್ ಕರೀಮರ ಒಬ್ಬನೇ ಮಗ

ನಮ್ಮ ಕರಾವಳಿಯವರಿಗೆ ಒಂದು ಹುಟ್ಟುಗುಣವಿದೆ. ಪಕ್ಕದ ಮನೆಯ ಹುಡುಗ ನಾಲ್ಕು ಸಲ ನಮ್ಮಲ್ಲಿ ಉಂಡನೆಂದರೆ ಮುಗಿಯಿತು, ಆಮೇಲೆ ಅವನು ನಮ್ಮ ಮಗನೇ. ಅವನಿಗೆ ಮಾರ್ಕು ಬಂದರೆ ಹಿಗ್ಗುವವರೂ ನಾವೇ, ಬೈಯುವವರೂ ನಾವೇ. ಈ ಗುಣದ ಬಗ್ಗೆ ನನಗೆ ಭಾರೀ ಹೆಮ್ಮೆ. ಕತಾರಿನ ಅಲ್ ಖೋರ್‌ನಲ್ಲಿದ್ದಾಗ ಇದೇ ಹೆಮ್ಮೆ ಒಬ್ಬ ಹುಡುಗನನ್ನು ಸೈನ್ಯಕ್ಕೆ ಸೇರಿಸಿಬಿಡುವುದರಲ್ಲಿತ್ತು.

ಕಂಪೆನಿ ಕ್ವಾರ್ಟರ್ಸಿನಲ್ಲಿ ನಮ್ಮ ಎದುರು ಮನೆಯವರು ಈಜಿಪ್ಟಿನವರು. ಗಂಡನಿಗೆ ಸಮುದ್ರದ ನಡುವೆ ತೈಲ ತೆಗೆಯುವ ರಿಗ್ಗಿನಲ್ಲಿ ಕೆಲಸ. ಮನೆಯಲ್ಲಿ ಉಮ್ ಕರೀಮ್, ಎಂದರೆ ಕರೀಮನ ತಾಯಿ, ಮತ್ತು ಅವರ ಒಬ್ಬನೇ ಮಗ ಕರೀಮ್. ನನ್ನ ಮಗ ರೋಶನ್‌ಗೆ ಮಧ್ಯಾಹ್ನದ ಊಟ ಅವರಲ್ಲಿ, ಕರೀಮನಿಗೆ ರಾತ್ರಿಯ ಮೀನುಸಾರು ನಮ್ಮಲ್ಲಿ. ಕರೀಮನಿಗೆ ಹದಿನೆಂಟು ತುಂಬಿತು. ಅವರ ದೇಶದಲ್ಲಿ ಗಂಡುಮಕ್ಕಳು ಸೈನ್ಯದಲ್ಲಿ ಕೆಲಕಾಲ ದುಡಿಯಲೇಬೇಕಂತೆ, ಪರದೇಶದಲ್ಲಿ ಬೆಳೆದರೂ ಬಿಡುವುದಿಲ್ಲ. ಒಬ್ಬನೇ ಮಗನಾದರೆ ಮಾತ್ರ ವಿನಾಯಿತಿ. ಅದು ಸಿಕ್ಕಿದರೆ ಮಲೇಷಿಯಾದಲ್ಲಿ ಇಂಜಿನಿಯರಿಂಗ್ ಸೀಟು, ಸಿಗದಿದ್ದರೆ ಬಂದೂಕು. ದೋಹಾದಲ್ಲಿರುವ ಅವರ ಎಂಬಸಿಗೆ ತಾಯಿ-ಮಗನನ್ನು ನಾನೇ ಕರೆದೊಯ್ಯುತ್ತೇನೆಂದೆ. ಸೈನ್ಯದ ವಿಷಯ ನನಗೇನು ಹೊಸದೆ? ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವನು. ಪೆರೇಡಿಗಿಂತ ಆಮೇಲಿನ ಪೂರಿ-ಬಾಜಿಯ ಮೇಲೆ ಹೆಚ್ಚು ಕಣ್ಣಿತ್ತು ಎಂಬುದು ಬೇರೆ ಮಾತು.

"ನೀವು ಕಾರು ಬಿಡಿ ಸಾಕು ಮಾರಾಯ್ರೆ, ಅಲ್ಲಿ ಹೋಗಿ ಬಾಯಿ ಬಿಡ್ಬೇಡಿ" ಎಂದಳು ಹೆಂಡತಿ ಲವೀನಾ. ನನ್ನ ಅರಬ್ಬಿಯ ಮೇಲೆ ಅವಳಿಗೆ ನಂಬಿಕೆ ಕಡಿಮೆ.

ಎಂಬಸಿಯಲ್ಲಿ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಅಧಿಕಾರಿ ಸೀಲು ಎತ್ತಿಯೂ ಆಗಿತ್ತು. ಅಷ್ಟರಲ್ಲಿ, ನಮ್ಮೊಡನೆ ಬಂದು ಉಮ್ ಕರೀಮರ ಚೀಲ ಹಿಡಿದು ಅವರಿಗೆ ಅಂಟಿಕೊಂಡೇ ನಿಂತಿದ್ದ ರೋಶನ್ ಅಧಿಕಾರಿಯ ಕಣ್ಣಿಗೆ ಬಿದ್ದ. "ಈ ಹುಡುಗ ಯಾರು?" ಎಂದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಇವನೂ ಈಕೆಯ ಮಗನೇ ಸಾರ್! ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು!" ಎಂದು ಕಂಪೆನಿ ಬಸ್ಸಿನಲ್ಲಿ ಕಲಿತ ಅರಬ್ಬಿಯಲ್ಲಿ ಎದೆಯುಬ್ಬಿಸಿ ಹೇಳಿಬಿಟ್ಟೆ. ಸೀಲು ಗಾಳಿಯಲ್ಲೇ ನಿಂತಿತು. "ಹಾಗಾದರೆ ಒಬ್ಬನೇ ಮಗನಲ್ಲವೋ?" ಕರೀಮನ ಮುಖ ಬಿಳುಚಿಕೊಂಡಿತು. ಉಮ್ ಕರೀಮ್ ನನ್ನನ್ನು ನೋಡಿದ ನೋಟಕ್ಕೆ ನನ್ನ ಅರಬ್ಬಿಯೆಲ್ಲ ಖಲಾಸ್. "ಅಲ್ಲ ಅಲ್ಲ, ಇವನು ನನ್ನ ಮಗ!" ಎಂದೆ. ಆಗಲಂತೂ ಅಧಿಕಾರಿ ಕನ್ನಡಕವನ್ನೇ ತೆಗೆದು, ಆಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ರೋಶನ್ ಮೆಲ್ಲನೆ ಮುಂದೆ ಬಂದು ತನ್ನ ಐಡಿ ಕಾರ್ಡನ್ನೂ ನನ್ನದನ್ನೂ ಮೇಜಿನ ಮೇಲಿಟ್ಟ. "ಕಾಗದದಲ್ಲಿ ನಾನು ಇವರ ಮಗ ಸಾರ್. ಊಟಕ್ಕೆ ಮಾತ್ರ ಆಂಟಿಯ ಮಗ" ಎಂದ, ಕರೀಮನಿಂದಲೇ ಕಲಿತ ಶುದ್ಧ ಈಜಿಪ್ಟಿನ ಅರಬ್ಬಿಯಲ್ಲಿ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊಟದ ಮಕ್ಕಳನ್ನು ಸರಕಾರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಸೀಲು ಒತ್ತಿದರು. ನನ್ನ ಮಗನ ಬಗ್ಗೆ ಅವತ್ತು ಪಟ್ಟಷ್ಟು ಹೆಮ್ಮೆ ನಾನು ಬೇರೆ ಯಾವತ್ತೂ ಪಟ್ಟಿಲ್ಲ. ಅಲ್ ಖೋರ್ ತಲುಪಿದ ಮೇಲೆ ಉಮ್ ಕರೀಮ್ ಲವೀನಾಳಿಗೆ ಹೇಳಿದರಂತೆ: "ಮುಂದಿನ ಸಲ ರೋಶನ್ ಒಬ್ಬನನ್ನೇ ಕಳಿಸು."

ಮಲೇಷಿಯಾಕ್ಕೆ ಹೊರಟ ಕರೀಮನನ್ನು ಬೀಳ್ಕೊಡಲು ಎಲ್ಲರೂ ವಿಮಾನ ನಿಲ್ದಾಣಕ್ಕೆ ಹೋದೆವು. ಅವನು ತಾಯಿಯ ಕೈಗೆ ಮುತ್ತಿಟ್ಟು, ನನ್ನನ್ನೂ ಬಿಗಿಯಾಗಿ ತಬ್ಬಿಕೊಂಡು ಒಳಗೆ ಹೋದ. ನನ್ನ ಕಣ್ಣು ತುಂಬಿದ್ದು ಕಂಡು ಪಕ್ಕದಲ್ಲಿದ್ದ ಮಲಯಾಳಿಯೊಬ್ಬರು, "ಮಗನಾ?" ಎಂದು ಕೇಳಿದರು. ಹಿಂದೆ ಮುಂದೆ ಒಮ್ಮೆ ನೋಡಿದೆ. ಎಂಬಸಿಯವರು ಯಾರೂ ಇರಲಿಲ್ಲ.

"ಹೌದು" ಎಂದೆ, "ದೊಡ್ಡವನು."