ಮಾವನವರ ಡೊಂಕು ಗೋಡೆ

ತೀರಿಕೊಂಡವರ ಮೇಲೆ ಚಾಡಿ ಹೇಳುವುದು ಬಹಳ ಸೇಫ್. ಅವರು ಎದ್ದು ಬಂದು ಎಕ್ಸ್‌ಪ್ಲನೇಷನ್ ಕೊಡುವುದಿಲ್ಲ. ರಾಯಚೂರಿನ ನಮ್ಮ ಮನೆಯ ಕಾಂಪೌಂಡ್ ಗೋಡೆ ಬಿಲ್ಲಿನಂತೆ ಅಂಗಳದ ಒಳಕ್ಕೆ ಬಾಗಿದೆ. ಕಟ್ಟಿಸಿದವರು ನಮ್ಮ ಮಾವನವರು. ಅವರಿಗೆ ಸಂಜೆ ಒಂದು ಪೆಗ್ಗಿನ ಅಭ್ಯಾಸವಿತ್ತು, ಬುನಾದಿಯ ದಿನ ಎರಡಾಗಿರಬೇಕು ಎಂದು ಬಂದವರಿಗೆಲ್ಲ ಚಹಾದ ಜೊತೆ ಹೇಳಿ ನಗಿಸಿದ್ದೇನೆ. ಕಾನ್ವೆಂಟಿನಲ್ಲಿ ಗೆರೆ ಡೊಂಕಾದರೆ ಸಿಸ್ಟರ್ ಸ್ಕೇಲಿನಿಂದ ಬೆರಳಿಗೆ ಕೊಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಈ ಗೋಡೆ ಕಂಡರೆ ನನ್ನ ಬೆರಳು ಚುರುಗುಡುತ್ತಿತ್ತು.

ಮೊನ್ನೆ ಸೊಸೆ ಕಾರು ಕೊಂಡಳು. ಗೋಡೆಯ ಹೊಟ್ಟೆ ಅಡ್ಡ ಬಂದು ಕಾರು ಒಳಗೆ ಬರಲೊಲ್ಲದು. ಕೆಡವಿ ಸೀದಾ ಕಟ್ಟಿಸಲು ದೇವದುರ್ಗದಿಂದ ಗೌಂಡಿ ಹನುಮಂತ ಬಂದ. ಅರ್ಧ ಕೆಡವಿ, ದಾರ ಹಿಡಿದು ಅಗೆದರೆ ಗೋಡೆಯ ಕೆಳಗೆ ಅದೇ ಡೊಂಕಿನಲ್ಲಿ ಸಾಲಾಗಿ ಕಲ್ಲಿನ ಕಂಬ, ಒಂದೊಂದರ ನೆತ್ತಿಗೂ ತೂತು. ಕೈಯಿಂದ ಕೀಳಲಾಗದು, ನಾಳೆ ಜೆಸಿಬಿ ತರುತ್ತೇನೆ ಎಂದ.

ಎದುರು ಮನೆಗೆ, ಮಗಳ ಹತ್ತಿರ, ಮಾನ್ವಿಯಿಂದ ಖಾಜಾಸಾಬ್ ಬಂದಿದ್ದರು. ಟಾಂಗಾ ಹೊಡೆದು ಮುಪ್ಪಾದವರು. ಅವರಪ್ಪ ನಿಜಾಮರ ಕಾಲದಲ್ಲಿ ಇದೇ ಊರಲ್ಲಿ ಕುದುರೆ ತಿಕ್ಕುವ ಆಳಂತೆ. ಸದ್ದು ಕೇಳಿ ರಸ್ತೆ ದಾಟಿ ಬಂದವರು ಕುಕ್ಕರುಗಾಲಲ್ಲಿ ಕೂತು ತೂತಿನಲ್ಲಿ ಬೆರಳಿಟ್ಟರು.

"ಇದು ಡೊಂಕಲ್ರೀ ಅಮ್ಮಾ. ಕುದುರಿ ಹೊಳ್ಳೋ ಜಾಗ."

ಆ ಕಾಲದಲ್ಲಿ ಇಲ್ಲಿ ಕುದುರೆ ರೇಸು ನಡೆಯುತ್ತಿತ್ತಂತೆ, ಇದು ಅದರ ಕಡೇ ತಿರುವು. ತೂತುಗಳಲ್ಲಿ ಬಿದಿರು ಪೋಣಿಸಿ ಬೇಲಿ ಮಾಡುತ್ತಿದ್ದರಂತೆ. ಹೆಂಗಸರು ಪರದೆ ಕಟ್ಟಿದ ಬಂಡಿಯಲ್ಲಿ ಕೂತು ನೋಡುವುದು. ನಮ್ಮೂರ ಧೂಳಿನಲ್ಲಿ ಮೊದಲು ಗೊರಸಿನ ಸದ್ದು, ಆಮೇಲೆ ಕುದುರೆ. ಗೆಲ್ಲುವುದು ಎಲ್ಲಿ ಎಂದು ಕೇಳಿದೆ. ಅವರು ನಮ್ಮ ಅಡುಗೆಮನೆಯ ಕಿಟಕಿ ತೋರಿಸಿದರು.

"ನಿಮ್ಮ ಗ್ಯಾಸಿನ ಒಲಿ ಐತಲ್ರೀ, ಅಲ್ಲಿ."

ನಾನು ಆಯುಷ್ಯವೆಲ್ಲ ಹಾಲು ಉಕ್ಕಿಸಿದ ಜಾಗಕ್ಕೆ ಅಷ್ಟು ಕುದುರೆಗಳು ಉಸಿರು ಬಿಗಿಹಿಡಿದು ಓಡಿ ಬಂದಿದ್ದವು! ಮಾವನವರು ನೆಟ್ಟಗೇ ಇದ್ದರು ಪಾಪ. ಗಟ್ಟಿ ಕಂಬಗಳು ಇದ್ದವು, ಅವುಗಳ ಮೇಲೇ ಗೋಡೆ ಎತ್ತಿದ್ದರು. ಮನಸ್ಸಿನಲ್ಲೇ ಅವರಿಗೆ ಸಾರಿ ಹೇಳಿ, ಜೆಸಿಬಿ ಬೇಡ, ಇದ್ದ ಹಾಗೇ ಕಟ್ಟು ಎಂದೆ.

ಹನುಮಂತ ದಾರ ಸುತ್ತಿಕೊಂಡ. "ಕಟ್ತೀನ್ರೀ ಯವ್ವಾ. ಆದ್ರ ನಾ ಕಟ್ಟೀನಂತ ದೇವದುರ್ಗದಾಗ ಯಾರ ಮುಂದೂ ಅನಬ್ಯಾಡ್ರಿ."

ಸೊಸೆಯ ಕಾರು ರಸ್ತೆಯಲ್ಲೇ ಬಿಸಿಲು ಕಾಯುತ್ತಿದೆ. ಅವಳು ಜಗಳವಾಡಲಿಲ್ಲ. ಬಂದವರಿಗೆ ಚಹಾ ಕೊಡುತ್ತಾ ಮೆಲ್ಲಗೆ ಹೇಳುತ್ತಾಳೆ: "ನಮ್ಮತ್ತಿ ಸಂಜಿಗೆ ಏನೂ ತೊಗೊಳಂಗಿಲ್ರೀ. ಆದ್ರೂ ಗ್ವಾಡಿ ನೋಡ್ರಿ."

ಎಲ್ಲರೂ ನಗುತ್ತಾರೆ. ನಾನು ಬದುಕಿಯೇ ಇದ್ದೇನೆ, ಎಕ್ಸ್‌ಪ್ಲನೇಷನ್ ಕೊಡಬಹುದು. ಕುದುರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೂ ಜೋರಾಗಿ ನಗುತ್ತಾರೆ.