ಪರಮಾಣುವಿನ ತೇಗು ಮತ್ತು ನನ್ನ ಕೋಲು

ನನಗೊಂದು ಕೆಟ್ಟ ಚಾಳಿಯಿದೆ. ಯಾರು ಏನೇ ಹೇಳಲಿ, ನಡುವೆ ನನ್ನ ಕುರಿಗಳನ್ನು ತಂದು ನುಗ್ಗಿಸುತ್ತೇನೆ. ಮದುವೆ ಮಾತಾಗಲಿ, ಚುನಾವಣೆಯಾಗಲಿ, ಕುರಿಯಲ್ಲಿ ಅದಕ್ಕೊಂದು ಉತ್ತರವಿದೆ ಎಂದೇ ನನ್ನ ನಂಬಿಕೆ. ಓದಿದ್ದು ಮೂರನೇ ಕ್ಲಾಸು, ಕುರಿ ಕಾದದ್ದು ಐವತ್ತು ವರ್ಷ. ಯಾವುದನ್ನು ನಂಬಲಿ?

ಮೊಮ್ಮಗಳು ಕಲಾ ದೊಡ್ಡ ಓದು ಓದುತ್ತಾಳೆ. ಹೋದ ತಿಂಗಳು ತಾವರೆಕೆರೆಯಲ್ಲಿ ಬಸ್ಸಿಳಿದು ಬಂದವಳ ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. ದೊಡ್ಡ ವಿಜ್ಞಾನಿಗಳ ಮುಂದೆ ತನ್ನ ಕೆಲಸ ವಿವರಿಸುವಾಗ ಯಾರೋ ಒಂದು ಪ್ರಶ್ನೆ ಕೇಳಿದರಂತೆ, ಇವಳಿಗೆ ಬಾಯೇ ಕಟ್ಟಿಹೋಯಿತಂತೆ. ಇನ್ನೊಂದು ಅವಕಾಶ ಸೋಮವಾರ. ಅದೂ ಕೈತಪ್ಪಿದರೆ ಐದು ವರ್ಷದ ಓದು ನೀರಲ್ಲಿ ಹೋಮ. ಮನೆಯಲ್ಲಿ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿ ರೂಢಿ ಮಾಡಿಕೊಂಡು ಬಾ ಎಂದು ಅವಳ ಮೇಷ್ಟ್ರು ಕಳಿಸಿದ್ದರು. ಪಾಪ, ಅವರು ನನ್ನನ್ನು ನೋಡಿಲ್ಲ.

ನಾನು ಜಗಲಿಯಲ್ಲಿ ಉಣ್ಣೆ ನೂಲುತ್ತಿದ್ದೆ. ಅವಳು ಗೋಡೆಯ ಕನ್ನಡಿ ಕಳಚಿ ತಂದು, ನೂಲಿಗೆ ಜೋತು ಗಿರಗಿರ ಸುತ್ತುತ್ತಿದ್ದ ಕದಿರಿನ ಪಕ್ಕ ನಿಲ್ಲಿಸಿದಳು.

"ನ್ಯೂಟ್ರಾನ್ ಅಂದ್ರೆ ಈ ಕದಿರಿನಂಗೆ ಸುತ್ತೋ ಒಂದು ಚೂರು ಕಣಜ್ಜಿ. ಕುರಿಗೆ ಉಪ್ಪು ನೆಕ್ಕಿಸ್ತೀಯಲ್ಲ, ಅದ್ರಾಗೆ ಕ್ಲೋರಿನ್ ಅಂತ ಐತೆ. ಅದರ ಪರಮಾಣುವಿನ ನಟ್ಟನಡುವಿನ ಬೀಜ ಈ ನ್ಯೂಟ್ರಾನನ್ನ ನುಂಗ್ತದೆ."

"ನುಂಗಿದ್ಮೇಲೆ?"

"ಕಣ್ಣಿಗೆ ಕಾಣದ ಬೆಳಕು ಕಕ್ತದೆ."

"ತೇಗು ಅನ್ನು."

"ಸರಿ, ತೇಗು. ಮೇಲಕ್ಕೆಷ್ಟು ಹೋಯ್ತು, ಕೆಳಕ್ಕೆಷ್ಟು ಹೋಯ್ತು ಅಂತ ಎಣಿಸೋದೇ ನನ್ನ ಕೆಲ್ಸ. ಕನ್ನಡೀಲಿ ನೋಡು, ಕದಿರು ಉಲ್ಟಾ ಸುತ್ತುತೈತೆ. ಆದ್ರೆ ಮೇಲಿನ ತುದಿ ಮೇಲೇ ಐತೆ. ಜಗತ್ತಿಗೆ ಎಡ ಬಲ ಒಂದೇ ಆಗಿದ್ರೆ, ಎಡಕ್ಕೆ ಸುತ್ತಿದ್ರೂ ಬಲಕ್ಕೆ ಸುತ್ತಿದ್ರೂ ತೇಗು ಮೇಲಕ್ಕೂ ಕೆಳಕ್ಕೂ ಸಮ ಹೋಗ್ಬೇಕಿತ್ತು. ಹೋಗಲ್ಲ ಕಣಜ್ಜಿ! ಒಂದು ಕಡೆಗೆ ಕೂದಲೆಳೆಯಷ್ಟು ಜಾಸ್ತಿ."

"ಇಷ್ಟಕ್ಕೆ ಐದು ವರ್ಷ ಬೇಕಿತ್ತೇನೇ? ನನ್ನ ಕುರಿಗೆ ಹುಟ್ಟಿದಾಗ್ಲೇ ಗೊತ್ತು" ಎಂದೆ.

ಸುಳ್ಳಲ್ಲ. ನಮ್ಮ ಕುರಿರೊಪ್ಪದ ಬಾಗಿಲ ನಡುವೆ ಒಂದು ಕಲ್ಲುಕಂಬವಿದೆ. ಕುರಿ ಅದರ ಎಡಕ್ಕಾದರೂ ನುಗ್ಗಬಹುದು, ಬಲಕ್ಕಾದರೂ ನುಗ್ಗಬಹುದು. ನಮ್ಮವು ಬಲಗಡೆಯಿಂದಲೇ ಬರುತ್ತವೆ. ಕಲಾಳ ಅವ್ವ, ಅಂದರೆ ನನ್ನ ಸೊಸೆ ಲಕ್ಕಮ್ಮ, ಮದುವೆಯಾಗಿ ಬಂದ ದಿನ ಮರೆತು ಎಡಗಾಲಿಟ್ಟು ಹೊಸಿಲು ದಾಟಿದ್ದಳು. "ಕುರಿಗಿರೋ ಬುದ್ಧಿ ನಿಂಗಿಲ್ವಲ್ಲೇ" ಎಂದು ಅವತ್ತೇ ಅಂದಿದ್ದೆ. ಮರೆತುಹೋಗದಿರಲಿ ಎಂದು ಆಮೇಲೂ ಆಗಾಗ ಅನ್ನುತ್ತಾ ಬಂದಿದ್ದೇನೆ.

ಸಂಜೆ ಮಂದೆ ಬಂತು. ಮೂವರೂ ರೊಪ್ಪದ ಬಳಿ ಹೋದೆವು. ಎಂದಿನ ಜಾಗದಲ್ಲಿ ಗೋಡೆಗೊರಗಿ ಕೋಲೂರಿ ನಿಂತೆ. ಕುರಿಗಳು ಬಲಗಡೆಯಿಂದಲೇ ನುಗ್ಗಿದವು. ನಾನು ಸೊಸೆಯ ಕಡೆ ಒಂದು ನೋಟ ಬಿಟ್ಟೆ.

"ಅಜ್ಜೀ, ವಸಿ ಆ ಕಡೆ ನಿಂತ್ಕೋ" ಎಂದಳು ಕಲಾ.

"ಮಂಡಿ ನೋಯ್ತದೆ ಕಣೇ. ಒರಗೋಕೆ ಗೋಡೆ ಇರೋದು ಎಡಗಡೆ."

"ಒಂದ್ಸಲ ನಿಂತ್ಕೋ ಅಂದ್ನಲ್ಲ."

ಬಲಕ್ಕೆ ಹೋಗಿ ನಿಂತೆ. ಕುರಿಗಳನ್ನು ಹೊರಗೆ ಅಟ್ಟಿ ಮತ್ತೆ ಒಳಗೆ ಬಿಟ್ಟಳು. ಉಪ್ಪು ತಿಂದ ಮನೆಗೆ ಎರಡು ಬಗೆದ ಕುರಿಗಳು, ಒಂದೂ ಬಿಡದೆ ಎಡಗಡೆಯಿಂದ ನುಗ್ಗಿದವು! ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು.

ಸೋತರೆ ಸುಮ್ಮನಿರುವ ಜಾತಿಯಲ್ಲ ನಾನು. "ಆಯ್ತು ಕಣೇ, ನಿನ್ನ ತೇಗಿನ ತಾವ ಯಾರು ಕೋಲು ಹಿಡ್ಕಂಡು ನಿಂತವ್ರೆ? ನಿನ್ನ ಯಂತ್ರಾನೇ ಒಂದು ಕಡೆಗೆ ವಾಲಿದ್ರೆ?"

ಕಲಾ ಕಣ್ಣರಳಿಸಿದಳು. "ಅಜ್ಜೀ, ಅವತ್ತು ಅವರು ಕೇಳಿದ್ದೂ ಇದೇ ಕಣಜ್ಜಿ!"

"ಅಂಗಾದ್ರೆ ಹೇಳು, ಯಾಕೆ ನಿಂತ್ಕಂಡೆ?"

"ಯಂತ್ರ ಇದ್ದಂಗೇ ಇರ್ತದೆ. ನ್ಯೂಟ್ರಾನ್ ಸುತ್ತೋ ದಿಕ್ಕನ್ನೇ ಗಳಿಗೆಗೊಂದ್ಸಲ ತಿರುಗಿಸ್ತೀವಿ. ಜಾಸ್ತಿ ತೇಗೂ ಅದ್ರ ಜೊತೆ ಮೇಲೆ ಕೆಳಗೆ ಆದ್ರೆ, ಅದು ನಿಜ. ತಿರುಗಿಸಿದ್ರೂ ಒಂದೇ ಕಡೆ ಇದ್ರೆ, ಕೋಲು ಯಂತ್ರದ್ದು."

ಒಂದು ಕಡೆಯೂ ತಡವರಿಸಲಿಲ್ಲ. ಕುರಿಗಳಿಗೂ ಅರ್ಥವಾದಂತಿತ್ತು, ಸುಮ್ಮನೆ ಮೆಲುಕು ಹಾಕುತ್ತಿದ್ದವು.

ಸೋಮವಾರ ಮಧ್ಯಾಹ್ನ ಫೋನ್ ಬಂತು. ಎಲ್ಲರೂ ಒಪ್ಪಿದರಂತೆ. "ಸಭೇಲಿ ನಿನ್ನ ವಿಷ್ಯಾನೂ ಹೇಳ್ದೆ ಕಣಜ್ಜಿ" ಎಂದಳು. ನಾನು ಸೆರಗು ಸರಿಮಾಡಿಕೊಂಡು, "ಏನಂತ?" ಎಂದೆ.

"ಅಳೆಯೋರ ತಪ್ಪು ಅಂದ್ರೆ ಹೆಂಗಿರ್ತದೆ ಅನ್ನೋಕೆ ಉದಾಹರಣೆ."

ಅದಾದರೂ ಪರವಾಗಿಲ್ಲ. ಕಷ್ಟ ಇರುವುದು ಮನೆಯಲ್ಲಿ. ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಎಂದೆ. ಲಕ್ಕಮ್ಮ ಒಲೆಯಿಂದ ಮುಖ ಎತ್ತದೆ, "ಯಾವ ಕಡೆ ನಿಂತ್ಕಂಡು ಹೇಳ್ತಿದ್ದೀರಾ ಅತ್ತೆ?" ಎಂದಳು. ಅವಳು ನೀರಿಗೆ ಹೋದಾಗ ಒಲೆಯ ಆ ಬದಿಗೆ ಹೋಗಿ ನಿಂತು ಇನ್ನೊಮ್ಮೆ ರುಚಿ ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಅವಳಿಗೆ ಹೇಳಿಲ್ಲ.